ಮೈಎಸ್‌ಕ್ಯೂಎಲ್ ಡೇಟಾ ಲಿಂಕ್ ಮೇಲೆ ಓಡಿದ್ದು ಹೀಗೆ

ಮೈಎಸ್‌ಕ್ಯೂಎಲ್ ಡೇಟಾಬೇಸಿನ ಡೇಟಾವನ್ನು ಹೊಸ ಡಿಸ್ಕಿಗೆ ಸಾಗಿಸಿ, ಹಳೇ ಜಾಗದಲ್ಲಿ ಅದರ ಕಡೆಗೆ ತೋರಿಸುವ ಲಿಂಕ್ (ಸಿಮ್‌ಲಿಂಕ್) ಇಡಬೇಕಿತ್ತು. ಲಿಂಕ್ ಹಾಕಿದರೆ ಡೇಟಾಬೇಸ್ ಏಳೋದೇ ಇಲ್ಲ, ಡೇಟಾದ ಜಾಗ ಹೇಳುವ ಡೇಟಾಡಿರ್ ಸೆಟ್ಟಿಂಗನ್ನೇ ಬದಲಾಯಿಸಿ ಅಂದವರೇ ಹೆಚ್ಚು. ಆದರೆ ಹಳೇ ದಾರಿಯನ್ನೇ ನೆಚ್ಚಿಕೊಂಡ ಸ್ಕ್ರಿಪ್ಟುಗಳು ಆರೇಳಿದ್ದವು, ಅವನ್ನು ಮುಟ್ಟುವ ಮನಸ್ಸಿರಲಿಲ್ಲ. ಉಬುಂಟು 22.04, ಮೈಎಸ್‌ಕ್ಯೂಎಲ್ 8.0, ಡೇಟಾ ಸುಮಾರು 180 ಜಿಬಿ. 1 ಟಿಬಿ ಎನ್‌ವಿಎಂಇ ಡಿಸ್ಕಿಗೆ ಏಳು ಸಾವಿರದ ಆಸುಪಾಸು ಬಿತ್ತು. ಹೊಸ ಸರ್ವರಿನ ಕೊಟೇಶನ್ ಲಕ್ಷ ದಾಟಿತ್ತು.

ಸರ್ವರ್ ಓಡುತ್ತಿರುವಾಗಲೇ ಫೈಲುಗಳನ್ನು ನಕಲು ಮಾಡುವ ಆರ್‌ಸಿಂಕ್ ಒಂದು ಸಲ, ಮುಕ್ಕಾಲು ಗಂಟೆ. ಆಮೇಲೆ ಸರ್ವಿಸ್ ನಿಲ್ಲಿಸಿ, ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸುವ ಡಿಲೀಟ್ ಆಯ್ಕೆ ಸೇರಿಸಿ ಇನ್ನೊಂದು ಸಲ, ಐದಾರು ನಿಮಿಷ. ನಂಬಬೇಕಾದದ್ದು ಎರಡನೆಯದನ್ನು ಮಾತ್ರ. ಮೂಲದ ಹೆಸರಿನ ಕೊನೆಗೆ ಓರೆಗೆರೆ (/) ಮರೆತರೆ ಫೋಲ್ಡರೊಳಗೆ ಫೋಲ್ಡರ್ ಹುಟ್ಟುತ್ತದೆ.

ಹಳೇ ಡೈರೆಕ್ಟರಿಗೆ ಬೇರೆ ಹೆಸರಿಟ್ಟು, ಅದರ ಜಾಗದಲ್ಲಿ ಲಿಂಕ್ ಹಾಕಿ ಸ್ಟಾರ್ಟ್ ಮಾಡಿದರೆ ಎರರ್ 13, ಅಂದರೆ ಅನುಮತಿ ಇಲ್ಲ. ಚೌನ್ (ಫೈಲಿನ ಒಡೆತನ) ಸರಿ, ಪರ್ಮಿಷನ್ ಸರಿ. ಎರಡು ಗಂಟೆ ಅದರಲ್ಲೇ ಹೋಯಿತು. ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್ ನೋಡಿದಾಗ ಆ್ಯಪ್‌ಆರ್ಮರ್ ಡಿನೈಡ್ ಅಂತ ಸಾಲುಸಾಲು. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಕಾಯುವ ಉಬುಂಟುವಿನ ಕಾವಲುಗಾರ ಈ ಆ್ಯಪ್‌ಆರ್ಮರ್. ಅದು ನೋಡುವುದು ಲಿಂಕನ್ನಲ್ಲ, ಲಿಂಕ್ ತೋರಿಸುವ ನಿಜವಾದ ದಾರಿಯನ್ನು. ಅದರ ನಿಯಮಪಟ್ಟಿಯಾದ ಪ್ರೊಫೈಲನ್ನೇ ಆಫ್ ಮಾಡುವವರಿದ್ದಾರೆ, ಅದು ಸೋಮಾರಿ ಕೆಲಸ. ಆ್ಯಪ್‌ಆರ್ಮರಿನ ಟ್ಯೂನಬಲ್ಸ್ ಫೋಲ್ಡರಿನ ಏಲಿಯಾಸ್ ಫೈಲಲ್ಲಿ ಹಳೇ ದಾರಿಯಿಂದ ಹೊಸದಕ್ಕೆ ಒಂದು ಸಾಲು ಸಾಕು. ಎರಡೂ ದಾರಿಗಳ ಕೊನೆಗೆ ಓರೆಗೆರೆ, ಸಾಲಿನ ಕೊನೆಗೆ ಅಲ್ಪವಿರಾಮ, ಮತ್ತೆ ಆ್ಯಪ್‌ಆರ್ಮರ್ ರೀಲೋಡ್.

ಡಿಸ್ಕಿನ ರೂಟಿಗೇ, ಅಂದರೆ ಎಲ್ಲಕ್ಕಿಂತ ಮೇಲಿನ ಫೋಲ್ಡರಿಗೇ, ಡೇಟಾ ಸುರಿಯಬೇಡಿ. ಇಎಕ್ಸ್‌ಟಿ4 ಫೈಲ್ ಸಿಸ್ಟಂ ಮಾಡಿಟ್ಟ ಲಾಸ್ಟ್+ಫೌಂಡ್ ಫೋಲ್ಡರ್ ಡೇಟಾದ ನಡುವೆ ಸೇರಿಕೊಳ್ಳುತ್ತದೆ, 8.0ಕ್ಕೂ ಹಿಂದಿನ ಮೈಎಸ್‌ಕ್ಯೂಎಲ್‌ಗಳಲ್ಲಿ ಅದು ಒಂದು ಡೇಟಾಬೇಸಾಗಿ ಪಟ್ಟಿಯಲ್ಲೂ ಕೂರುತ್ತಿತ್ತು. ಒಳಗೊಂದು ಫೋಲ್ಡರ್ ಮಾಡಿ ಅದಕ್ಕೆ ಲಿಂಕ್ ಕೊಡಿ. ಡಿಸ್ಕ್ ಮೌಂಟ್ ಆಗುವ ಮುಂಚೆ ಮೈಎಸ್‌ಕ್ಯೂಎಲ್ ಏಳದಂತೆ ಅದನ್ನು ಎಬ್ಬಿಸುವ ಸಿಸ್ಟಂಡಿ ಯೂನಿಟ್ ಫೈಲಿಗೆ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಸಾಲು ಹಾಕಿ.

ಒಂದೇ ದೊಡ್ಡ ಟೇಬಲಿನ ಐಬಿಡಿ ಫೈಲಿಗಷ್ಟೇ (ಟೇಬಲಿನ ಡೇಟಾ ಇರುವ ಫೈಲು) ಲಿಂಕ್ ಹಾಕಿಯೂ ನೋಡಿದೆ. ಟೇಬಲ್ ರೀಬಿಲ್ಡ್ ಆಗುವ ಒಂದು ಆಲ್ಟರ್ ಆಜ್ಞೆ ಬಂದದ್ದೇ ತಡ, ಲಿಂಕ್ ಮಾಯ, ಫೈಲ್ ಹಳೇ ಡಿಸ್ಕಿಗೇ ವಾಪಸ್. ಮೈಎಸ್‌ಕ್ಯೂಎಲ್ ಟೇಬಲುಗಳನ್ನು ಇಡುವ ಇನ್ನೊಡಿಬಿ ಎಂಜಿನ್ನಿನಲ್ಲಿ ಅದಕ್ಕೆ ಬೆಂಬಲವೇ ಇಲ್ಲ. ಟೇಬಲ್ ಮಾಡುವಾಗ ಅದರ ಜಾಗ ಹೇಳುವ ಡೇಟಾ ಡೈರೆಕ್ಟರಿ ಕ್ಲಾಜ್ ಇರುವುದೇ ಅದಕ್ಕೆ.

ಯಾವ ಸ್ಕ್ರಿಪ್ಟುಗಳಿಗಾಗಿ ಇಷ್ಟೆಲ್ಲ ಮಾಡಿದೆನೋ, ಅವುಗಳಲ್ಲೇ ಒಂದು ಕೈಕೊಟ್ಟಿತು. ರಾತ್ರಿ ಸರ್ವಿಸ್ ನಿಲ್ಲಿಸಿ ಡೇಟಾವನ್ನು ಟಾರ್ ಮಾಡುವ, ಅಂದರೆ ಒಂದೇ ಫೈಲಾಗಿ ಕಟ್ಟುವ ಸ್ಕ್ರಿಪ್ಟ್, ಬೆಳಿಗ್ಗೆ ನೋಡಿದರೆ ಬ್ಯಾಕಪ್ ಒಂದು ಕೆಬಿಯೂ ಇಲ್ಲ. ಟಾರ್ ಲಿಂಕನ್ನಷ್ಟೇ ಕಟ್ಟಿಟ್ಟಿತ್ತು. ದಾರಿಯ ಕೊನೆಗೆ ಓರೆಗೆರೆ ಸೇರಿಸಿದ ಮೇಲೆ ಸರಿಹೋಯಿತು.

ಎರಡನೇ ಆರ್‌ಸಿಂಕಿಗಾಗಿ ಸರ್ವಿಸ್ ನಿಂತಿದ್ದ ಆ ಐದಾರು ನಿಮಿಷವನ್ನು ಒಂದಕ್ಕಿಳಿಸುವ ಉಪಾಯವೂ ಇದೆ, ಸದ್ಯ ಅದು ನನ್ನ ಹತ್ತಿರವೇ ಇರಲಿ. ಹಳೇ ಫೋಲ್ಡರನ್ನು ಮಾತ್ರ ಒಂದು ಬ್ಯಾಕಪ್ ರಿಸ್ಟೋರ್ ಮಾಡಿ ನೋಡುವ ತನಕ ಅಳಿಸಬೇಡಿ.