ಗುಂಡನಿಗೆ ನಾಲ್ಕಡಿ ಮನೆ

ಸಾಕುಮೀನಿನ ಅಂಗಡಿಯಲ್ಲಿ ನೋಡಿದಾಗ ಗುಂಡ ನನ್ನ ಹೆಬ್ಬೆರಳಿನಷ್ಟಿದ್ದ. ಕಪ್ಪು ಮೈ, ಅದರ ಮೇಲೆ ಕಿತ್ತಳೆ ಗೀರು. ಟೈಗರ್ ಆಸ್ಕರ್ ಅಂದರು. ಮಗಳು ಗಾಜಿನ ಮೇಲೆ ಬೆರಳು ಆಡಿಸಿದರೆ ಅದರ ಹಿಂದೆಯೇ ಬರುತ್ತಿದ್ದ. ನಾವು ಮರುಳಾಗಲು ಅಷ್ಟು ಸಾಕಾಯ್ತು. "ಎರಡಡಿ ಟ್ಯಾಂಕ್ ಇದ್ರೆ ಆರಾಮಾಗಿರ್ತಾನೆ ಸಾರ್" ಅಂದ ಮಾತು ನಂಬಿ ಟ್ಯಾಂಕು, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಸ್ಪಂಜ್ ಫಿಲ್ಟರ್ ಎಲ್ಲ ಒಟ್ಟಿಗೆ ತಂದೆ.

ಆಸ್ಕರ್ ಅಮೆಜಾನ್ ಕಡೆಯ ಮೀನು. ಮರಿಯಾಗಿದ್ದಾಗ ತಿಂಗಳಿಗೆ ಹೆಚ್ಚುಕಮ್ಮಿ ಒಂದಿಂಚು ಬೆಳೆಯುತ್ತದೆ, ಪೂರ್ತಿ ಬೆಳೆದರೆ ಒಂದಡಿ. ಇದು ನನಗೆ ಗೊತ್ತಾಗುವ ಹೊತ್ತಿಗೆ ಗುಂಡ ಅಂಗೈ ದಾಟಿದ್ದ. ತಿರುಗಬೇಕಾದರೆ ಬಾಲ ಗಾಜಿಗೆ ತಾಗುತ್ತಿತ್ತು. ಎರಡು ದಿನಕ್ಕೆ ನೀರು ಮಬ್ಬು, ಹಾಲ್ ತುಂಬ ವಾಸನೆ. ಆಮೇಲೆ ತಲೆ ಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಕಂಡವು. ಆಗ ಹೆದರಿ ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತಂದೆ. ಮೀನಿನ ಹೊಲಸಿನಿಂದ ಬರುವ, ಸೊನ್ನೆ ಇರಬೇಕಾದ ಅಮೋನಿಯಾ ಕಡು ಹಸಿರು ತೋರಿಸಿತು, ಅಂದರೆ ತುಂಬ ಜಾಸ್ತಿ. ನಮ್ಮದು ಬೆಂಗಳೂರಿನ ಬೋರ್‌ವೆಲ್ ನೀರು, ಅದರ ಪಿಎಚ್ (ಹುಳಿ-ಕ್ಷಾರದ ಅಳತೆ) 8ರ ಹತ್ತಿರ. ಪಿಎಚ್ ಏರಿದಷ್ಟೂ ಅಮೋನಿಯಾ ಮೀನಿಗೆ ಜಾಸ್ತಿ ವಿಷ. ಅಂದರೆ ಅವನು ತನ್ನ ಕೊಳೆಯಲ್ಲೇ ಉಸಿರಾಡುತ್ತಿದ್ದ.

ಹೊಸ ಟ್ಯಾಂಕ್ ಗಾಜಿನ ಅಂಗಡಿಯಲ್ಲೇ ಮಾಡಿಸಿದೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ, 12 ಎಂಎಂ ಗಾಜು. ಸುಮಾರು 300 ಲೀಟರ್ ನೀರು ಹಿಡಿಯುತ್ತದೆ. ಒಂದೇ ಆಸ್ಕರ್‌ಗೆ ಇದು ದೊಡ್ಡದೇನಲ್ಲ, ಸರಿಯಾದದ್ದು. ಅಗಲದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮೀನು ಒಂದಡಿ ಬೆಳೆದರೆ ಒಂದಡಿ ಅಗಲದ ಟ್ಯಾಂಕಿನಲ್ಲಿ ಹೇಗೆ ತಿರುಗುತ್ತದೆ, ಅಲ್ವಾ? ನೀರು, ಗಾಜು, ಸ್ಟ್ಯಾಂಡ್ ಸೇರಿ 400 ಕಿಲೋ ದಾಟುವುದರಿಂದ ಮೊದಲ ಮಹಡಿಯ ನಮ್ಮ ಮನೆಯಲ್ಲಿ ಬೀಮ್ ಇರುವ ಗೋಡೆಗೆ ಒತ್ತಿ ಇಟ್ಟೆವು. ಕಬ್ಬಿಣದ ಸ್ಟ್ಯಾಂಡ್ ಮೇಲೆ ಹಲಗೆ, ಹಲಗೆ ಮೇಲೆ ಥರ್ಮಾಕೋಲ್, ಆಮೇಲೆ ಟ್ಯಾಂಕ್.

ಹಳೇ ಎರಡಡಿ ಟ್ಯಾಂಕ್ ಎಸೆಯಲು ಮನಸ್ಸಾಗಲಿಲ್ಲ. ಅದನ್ನೇ ಸ್ಟ್ಯಾಂಡಿನ ಕೆಳಗೆ ಸಂಪ್, ಅಂದರೆ ಮೇಲಿನ ನೀರು ಇಳಿದು ಸೋಸುವ ತೊಟ್ಟಿ, ಮಾಡುವುದು ಅಂತ ತೀರ್ಮಾನಿಸಿದೆ. ಆದರೆ ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೆ ಗಾಜಿನವರು ಟ್ಯಾಂಕ್ ಮಾಡಿಕೊಡುವವರೆಗೆ ಆ ಬ್ಯಾಕ್ಟೀರಿಯಾ ಕೂರುವ ಸೆರಾಮಿಕ್ ರಿಂಗ್‌ಗಳನ್ನು ಬಲೆ ಚೀಲದಲ್ಲಿ ಕಟ್ಟಿ ಗುಂಡನ ಜೊತೆಯೇ ಬಿಟ್ಟಿದ್ದೆ, ದಿನಾ ಒಂದಿಷ್ಟು ನೀರು ಬದಲಿಸುತ್ತಿದ್ದೆ. ಹೊಸ ಮನೆಗೆ ಅವನು ಹೋದ ದಿನ ಆ ಚೀಲವೂ ಸ್ಪಂಜೂ ಜೊತೆಗೆ ಹೋದವು. ಹಳೇ ಟ್ಯಾಂಕಿಗೆ ಅಡ್ಡಗಾಜು ಅಂಟಿಸಿ, ಸಿಲಿಕಾನಿನ ಹುಳಿ ವಾಸನೆ ಹೋಗಲಿ ಅಂತ ಒಂದು ವಾರ ಬಿಟ್ಟೆ. ಆಮೇಲೆ ಜೋಡಣೆ: ಮೇಲಿನ ಟ್ಯಾಂಕಿನ ತೂತಿನಿಂದ ಪಿವಿಸಿ ಪೈಪಲ್ಲಿ ನೀರು ಇಳಿದು, ಬಟ್ಟೆ ದಾಟಿ, ರಿಂಗ್ ದಾಟಿ, ಕೊನೆಯ ಕೋಣೆಯ ಪಂಪಿನಿಂದ ಮತ್ತೆ ಮೇಲಕ್ಕೆ. ಪಂಪ್ ಗಂಟೆಗೆ 2000 ಲೀಟರಿನದು.

ಮೊದಲ ಸಲ ಕರೆಂಟ್ ಹೋದಾಗ ನಾವು ಮನೆಯಲ್ಲಿರಲಿಲ್ಲ. ವಾಪಸ್ ಬಂದರೆ ಮೆಟ್ಟಿಲ ಹತ್ತಿರ ಓನರ್ ಆಂಟಿ ನಿಂತಿದ್ದಾರೆ. "ಏನಪ್ಪಾ, ನಿಮ್ಮ ಬಾಗಿಲ ಕೆಳಗಿಂದ ನೀರು ಬರ್ತಿದೆ?" ಆಗಿದ್ದು ಇಷ್ಟೇ. ನೀರು ಮೇಲಕ್ಕೆ ತರುವ ಪೈಪಿನ ಬಾಯಿಯನ್ನು ನಾನು ಅರ್ಧ ಅಡಿ ಆಳಕ್ಕೆ ಬಿಟ್ಟಿದ್ದೆ. ಪಂಪ್ ನಿಂತ ತಕ್ಷಣ ಅದೇ ಪೈಪು ನೀರನ್ನು ಹಿಂದಕ್ಕೆ ಎಳೆಯಲು ಶುರು ಮಾಡಿ, ಅರ್ಧ ಅಡಿ ನೀರು ಖಾಲಿಯಾಗುವವರೆಗೂ ನಿಲ್ಲಲಿಲ್ಲ. ಸಂಪಿನಲ್ಲಿ ಅಷ್ಟು ಜಾಗವೆಲ್ಲಿ? 60 ಲೀಟರ್ ಹಾಲ್‌ನಲ್ಲಿ. ಪರಿಹಾರ ನಗು ಬರುವಷ್ಟು ಸುಲಭ. ಆ ಪೈಪಿಗೆ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಒಂದು ಸಣ್ಣ ತೂತು ಕೊರೆದೆ. ನೀರು ಒಂದಿಂಚು ಇಳಿದರೆ ತೂತಿನಿಂದ ಗಾಳಿ ನುಗ್ಗಿ ಎಳೆತ ನಿಲ್ಲುತ್ತದೆ. ಅದಕ್ಕೆ ಪಾಚಿ ಕಟ್ಟದ ಹಾಗೆ ವಾರಕ್ಕೊಮ್ಮೆ ಕಡ್ಡಿ ಚುಚ್ಚುತ್ತೇನೆ. ಸಂಪನ್ನೂ ಅರ್ಧಕ್ಕಿಂತ ಜಾಸ್ತಿ ತುಂಬುವುದಿಲ್ಲ.

ಹೀಟರ್ ಬೇಕು. ಡಿಸೆಂಬರ್ ರಾತ್ರಿ ಬೆಂಗಳೂರು 15 ಡಿಗ್ರಿಗೆ ಇಳಿಯುತ್ತದೆ, ಗುಂಡನಿಗೆ ಬೇಕಾಗಿರುವುದು 26ರ ಆಸುಪಾಸು. 300 ವ್ಯಾಟಿನ ಒಂದರ ಬದಲು 150ರ ಎರಡು ಹಾಕಿದೆ. ಒಂದು ಕೆಟ್ಟು ಆನ್ ಆಗಿಯೇ ಉಳಿದರೂ ಮೀನು ಬೇಯುವುದಿಲ್ಲ. ಎರಡೂ ಸಂಪಿನಲ್ಲಿವೆ, ಯಾಕೆಂದರೆ ಮೇಲೆ ಇಟ್ಟಿದ್ದ ಮೊದಲನೆಯದನ್ನು ಅವನು ಬಾಲದಲ್ಲಿ ಬಡಿದು ಒಡೆದ. ಮುಚ್ಚಳದ ಮೇಲೂ ಭಾರ ಇಟ್ಟಿದ್ದೇನೆ. ಆಸ್ಕರ್ ಹಾರುತ್ತದೆ.

ಅಲಂಕಾರದ ಬಗ್ಗೆ ಹೇಳುವುದು ಕಡಿಮೆ. ನಾನು ಜೋಡಿಸಿದ್ದನ್ನೆಲ್ಲ ಅವನು ರಾತ್ರಿ ಕಿತ್ತು ಬೇರೆ ಕಡೆ ಇಡುತ್ತಾನೆ. ಈಗ ಒಳಗಿರುವುದು ತೆಳ್ಳಗೆ ಮರಳು, ಒಂದು ಮರದ ಬೊಡ್ಡೆ, ಮೂರು ನುಣುಪು ಕಲ್ಲು. ಊಟಕ್ಕೆ ಪೆಲೆಟ್, ನಡುವೆ ಸಿಗಡಿ, ಮಳೆ ಬಂದಾಗ ಎರೆಹುಳು. ಜೀವಂತ ಗೋಲ್ಡ್‌ಫಿಶ್ ಹಾಕಿ ಮಜಾ ನೋಡುವವರಿದ್ದಾರೆ. ರೋಗ ತರುವ ಆ ಚಟ ನಮ್ಮ ಮನೆಗೆ ಬೇಡ.

ಭಾನುವಾರ 100 ಲೀಟರ್ ನೀರು ಬದಲಿಸುತ್ತೇನೆ. ತೆಗೆದ ನೀರು ಆಂಟಿಯ ದಾಸವಾಳಕ್ಕೆ, ಹಾಗಾಗಿ ಅವರ ಕೋಪ ಇಳಿದಿದೆ. ಕಾವೇರಿ ನೀರು ಬಂದ ವಾರ ಕ್ಲೋರಿನ್ ಕಳೆಯುವ ದ್ರಾವಣ ಮರೆಯುವಂತಿಲ್ಲ. ತಲೆಯ ಗುಳಿಗಳು ಮೂರು ತಿಂಗಳಲ್ಲಿ ಮುಚ್ಚಿಕೊಂಡವು. ನೀರು ಬದಲಿಸಿದ ಮೇಲೆ ಮಾತ್ರ ಗುಂಡ ಮೂಲೆಯಲ್ಲಿ ಒಂದು ಮಗ್ಗುಲಾಗಿ ಸತ್ತವನ ಹಾಗೆ ಬಿದ್ದಿರುತ್ತಾನೆ. ಮೊದಲ ಸಲ ಮಗಳು ಅತ್ತೇಬಿಟ್ಟಿದ್ದಳು. ಈಗ ಅವಳೇ ಪೆಲೆಟ್ ಡಬ್ಬಿ ಅಲ್ಲಾಡಿಸುತ್ತಾಳೆ. ಒಂದು ಕಣ್ಣು ತಿರುಗುತ್ತದೆ.