ಹಲ್ಲುಜ್ಜುವಾಗ ಎಷ್ಟು ಒತ್ತಬೇಕು?

ಜೋರಾಗಿ ತಿಕ್ಕಿದಷ್ಟೂ ಹಲ್ಲು ಸ್ವಚ್ಛವಾಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಆದರೆ ನಾವು ತೆಗೆಯಬೇಕಾದ ಪಾಚಿ, ಅಂದರೆ ಪ್ಲಾಕ್, ಬಹಳ ಮೆತ್ತಗಿರುತ್ತದೆ. ಬೆಳಿಗ್ಗೆ ಎದ್ದಾಗ ಹಲ್ಲನ್ನು ಉಗುರಿನಿಂದ ಕೆರೆದರೆ ಬಿಳಿಯಾಗಿ ಅಂಟಿಕೊಂಡು ಬರುತ್ತದಲ್ಲ, ಅದೇ. ಅದನ್ನು ತೆಗೆಯಲು ಬಲ ಬೇಕಿಲ್ಲ. ಇನ್ನು ಅದು ಕಲ್ಲಿನಂತೆ ಗಟ್ಟಿಯಾಗಿದ್ದರೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ದಂತವೈದ್ಯರೇ ತೆಗೆಯಬೇಕು.

ಜೋರಾಗಿ ಉಜ್ಜಿದರೆ ಒಸಡು ನಿಧಾನಕ್ಕೆ ಹಿಂದೆ ಸರಿದು ಬೇರು ಕಾಣಿಸತೊಡಗುತ್ತದೆ. ಹಲ್ಲಿನ ಮೇಲ್ಭಾಗಕ್ಕೆ ಎನಾಮಲ್ ಹೊದಿಕೆ ಇದೆ, ಬೇರಿಗಿಲ್ಲ. ಹಾಗಾಗಿ ಅದು ಬೇಗ ಸವೆಯುತ್ತದೆ, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಕನ್ನಡಿ ಮುಂದೆ ನಿಂತು ತುಟಿ ಎತ್ತಿ ಕೋರೆಹಲ್ಲು ನೋಡಿಕೊಳ್ಳಿ. ಒಸಡಿನ ಅಂಚಿನಲ್ಲಿ ಹಳದಿ ಪಟ್ಟಿಯೋ, ಉಗುರು ಸಿಕ್ಕಿಕೊಳ್ಳುವಂಥ ಕಚ್ಚೋ ಕಂಡರೆ ವೈದ್ಯರಿಗೆ ತೋರಿಸಿ. ಸರಿದ ಒಸಡು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಮೊದಲು ಮೆತ್ತನೆಯ ಎಳೆಗಳ ಬ್ರಷ್ ತೆಗೆದುಕೊಳ್ಳಿ. ಗಟ್ಟಿ ಎಳೆಯದು ಯಾರಿಗೂ ಬೇಡ.

ಇನ್ನು ಒತ್ತಡ. ಸುಮಾರು 150 ಗ್ರಾಂ ಸಾಕು. ಅದು ಎಷ್ಟೆಂದು ಕೈಗೆ ಗೊತ್ತಾಗಬೇಕಾದರೆ ಅಡುಗೆಮನೆಯ ತೂಕದ ಯಂತ್ರದ ಮೇಲೆ ಬ್ರಷ್ ಇಟ್ಟು ಮೆಲ್ಲಗೆ ಒತ್ತಿ. 150 ಬಂದ ಕೂಡಲೇ ನಿಲ್ಲಿಸಿ. 'ಇಷ್ಟೇನಾ?' ಅನ್ನಿಸುತ್ತದೆ ಅಲ್ವಾ? ಇಷ್ಟೇ. ಎಳೆಗಳ ತುದಿ ಮಾತ್ರ ತಾಗಬೇಕು, ಎಳೆಗಳು ಮಲಗಬಾರದು.

ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದರೆ ಇಡೀ ತೋಳಿನ ಬಲ ಅದರ ಮೇಲೆ ಬೀಳುತ್ತದೆ. ಪೆನ್ನು ಹಿಡಿದ ಹಾಗೆ ಬೆರಳುಗಳಲ್ಲಿ ಹಿಡಿಯಿರಿ, ಒತ್ತಡ ತಾನಾಗಿ ಇಳಿಯುತ್ತದೆ. ಹಲ್ಲು ಮತ್ತು ಒಸಡು ಸೇರುವ ಗೆರೆಗೆ 45 ಡಿಗ್ರಿ ಓರೆಯಾಗಿಟ್ಟು, ಇದ್ದಲ್ಲೇ ಸಣ್ಣಗೆ ಅಲುಗಾಡಿಸಿ. ಎರಡು ಮೂರು ಹಲ್ಲು ಮುಗಿದ ಮೇಲೆ ಮುಂದಕ್ಕೆ ಹೋಗಿ. ಆ ಕಡೆಯಿಂದ ಈ ಕಡೆಗೆ ಉದ್ದುದ್ದಕ್ಕೆ ಎಳೆದು ತಿಕ್ಕುವುದೇ ಹೆಚ್ಚು ಹಾನಿ ಮಾಡುವುದು. ಒಳಭಾಗ, ಹಿಂದಿನ ದವಡೆ ಹಲ್ಲು ಮರೆಯಬೇಡಿ. ದಿನಕ್ಕೆ ಎರಡು ಸಲ, ಪ್ರತಿ ಸಲ ಎರಡು ನಿಮಿಷ.

ಹುಳಿ ತಿಂದ ಅಥವಾ ಜ್ಯೂಸ್ ಕುಡಿದ ಕೂಡಲೇ ಉಜ್ಜಬೇಡಿ. ಆಮ್ಲದಿಂದ ಎನಾಮಲ್ ಆಗ ಮೆತ್ತಗಾಗಿರುತ್ತದೆ. ಅರ್ಧ ಗಂಟೆಯಾದರೂ ಬಿಡಿ.

ಬ್ರಷ್ ಮೂರು ತಿಂಗಳಿಗೊಮ್ಮೆ ಬದಲಿಸುವುದು ವಾಡಿಕೆ. ಅದಕ್ಕೂ ತುಂಬಾ ಮೊದಲೇ ಎಳೆಗಳು ಎರಡೂ ಬದಿಗೆ ಬಾಗಿದ್ದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ ಎಂದೇ ಅರ್ಥ.

ಒಸಡಿನಲ್ಲಿ ರಕ್ತ ಬಂದರೆ ಕೆಲವರು ಆ ಜಾಗ ಉಜ್ಜುವುದನ್ನೇ ಬಿಡುತ್ತಾರೆ. ಹಾಗೆ ಮಾಡಬೇಡಿ. ಹೆಚ್ಚಿನ ಸಲ ಪಾಚಿ ಕೂತು ಒಸಡು ಊದಿಕೊಂಡೇ ರಕ್ತ ಬರುವುದು. ಮೆಲ್ಲಗೆ ಉಜ್ಜುತ್ತಾ ಹೋದರೆ ಕಡಿಮೆಯಾಗುತ್ತದೆ. ಒಂದೆರಡು ವಾರವಾದರೂ ನಿಲ್ಲದಿದ್ದರೆ ದಂತವೈದ್ಯರ ಹತ್ತಿರ ಹೋಗಿ.