ಥೆರಪಿಗೆ ಬರೋಕೆ ಮುಂಚೆ ನಾನು ಫೋನಲ್ಲೇ ಹೇಳಿಬಿಡೋ ಮಾತುಗಳು

ಮೈಸೂರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡ್ತೀನಿ. ಮೊದಲು ಒಂದು ಆಸ್ಪತ್ರೆ ಒಪಿಡಿಯಲ್ಲಿದ್ದೆ, ಈಗ ಕುವೆಂಪುನಗರದಲ್ಲಿ ಸ್ವಂತದ್ದೊಂದು ರೂಮು. ಹೊಸಬರು ಫೋನ್ ಮಾಡಿದ್ರೆ ಟೈಮ್ ಕೊಟ್ಟು ಇಟ್ಟುಬಿಡದೆ ಸ್ವಲ್ಪ ಹೊತ್ತು ಮಾತಾಡೋ ಅಭ್ಯಾಸ ಮಾಡ್ಕೊಂಡಿದೀನಿ, ಯಾಕಂದ್ರೆ ಒಂದೆರಡು ಸಲ ಬಂದು ನಿಲ್ಲಿಸಿಬಿಡೋರು ಕಷ್ಟ ಕಡಿಮೆಯಾಗಿ ನಿಲ್ಲಿಸಿರಲ್ಲ, ಅವರು ಅಂದ್ಕೊಂಡು ಬಂದಿದ್ದೇ ಬೇರೆ ಇಲ್ಲಿ ನಡೆದಿದ್ದೇ ಬೇರೆ ಅಂತ ನಿಲ್ಲಿಸಿರ್ತಾರೆ.

ಎಷ್ಟೋ ಸಲ ಫೋನ್ ಮಾಡೋರೇ ಬೇರೆ, ಬರಬೇಕಾದೋರೇ ಬೇರೆ. "ಮೇಡಂ, ನನ್ ಮಗಳಿಗೆ ಸ್ವಲ್ಪ ಬುದ್ಧಿ ಹೇಳ್ಬೇಕಿತ್ತು." "ನಮ್ ಯಜಮಾನ್ರಿಗೆ ಕುಡಿಯೋದು ಬಿಡಿಸ್ಬೇಕು, ಆದ್ರೆ ಕೌನ್ಸೆಲಿಂಗ್ ಅಂತ ಅವರಿಗೆ ಗೊತ್ತಾಗ್ಬಾರ್ದು, ಯಾರೋ ಪರಿಚಯದೋರ ಮನೆ ಅಂತ ಕರ್ಕೊಂಡು ಬರ್ತೀನಿ." ಇದಕ್ಕೆ ನಾನು ಒಪ್ಪಲ್ಲ. ಸುಳ್ಳು ಹೇಳಿ ಕೂರಿಸಿದ ಮನುಷ್ಯ ನನ್ ಹತ್ರ ನಿಜ ಯಾಕೆ ಹೇಳ್ತಾನೆ? ಅವರು ಬರಲ್ಲ ಅಂದ್ರೆ ನೀವೇ ಬನ್ನಿ ಅಂತೀನಿ, ಕುಡಿಯೋರ ಜೊತೆ ದಿನಾ ಏಗ್ತಿರೋ ಹೆಂಡ್ತಿಗೂ ಮಾತಾಡೋಕೆ ಬೇಕಾದಷ್ಟಿರುತ್ತೆ. ಇದನ್ನ ಕೇಳಿ ಕೆಲವರಿಗೆ ಬೇಜಾರಾಗುತ್ತೆ, "ನಂಗೇನಾಗಿದೆ?" ಅಂತಾರೆ, ಆಮೇಲೆ ಒಂದಿನ ಅವರೇ ಫೋನ್ ಮಾಡ್ತಾರೆ.

ಎರಡನೇದು ಗುಟ್ಟಿನ ವಿಷಯ, ನಮ್ಮಲ್ಲಿ ಎಲ್ಲಕ್ಕಿಂತ ಕಗ್ಗಂಟಾಗೋದು ಇದೇ. ಕಾನೂನಲ್ಲೇನೋ ಸ್ಪಷ್ಟವಾಗಿದೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ಮಾಹಿತಿ ಗೋಪ್ಯವಾಗಿರೋದು ನಿಮ್ಮ ಹಕ್ಕು. ಆದ್ರೆ ಮನೆಯಲ್ಲಿ ಸೆಕ್ಷನ್ ಗಿಕ್ಷನ್ ಯಾರು ಕೇಳ್ತಾರೆ, ಫೀಸ್ ಕೊಟ್ಟೋರು ಅಪ್ಪ, ಕರ್ಕೊಂಡು ಬಂದೋರು ಅಮ್ಮ, ಅವರಿಗೆ ಹೇಳ್ಬಾರ್ದು ಅಂದ್ರೆ ಹೆಂಗೆ ಅಂತಾರೆ. ಸೆಷನ್ ಮುಗಿಸಿ ಹುಡುಗಿ ಚಪ್ಪಲಿ ಹಾಕ್ಕೊಳ್ತಿರುವಾಗ ಅಮ್ಮ ಬಾಗಿಲ ಹತ್ರ ನಿಂತು ದನಿ ತಗ್ಗಿಸಿ "ಏನಂದ್ಲು ಮೇಡಂ? ಯಾರಾದ್ರೂ ಹುಡುಗ ಇದಾನಾ?" ಅಂತ ಕೇಳೋದು, ಅದು ಆ ಹುಡುಗಿಗೂ ಕೇಳಿಸೋದು ನನ್ ಕ್ಲಿನಿಕ್ಕಲ್ಲಿ ಮಾಮೂಲು. ಹಾಗಾಗಿ ನಾನೀಗ ಮೊದಲ ದಿನ ಶುರುವಲ್ಲೇ ಇಬ್ಬರನ್ನೂ ಎದುರಿಗೆ ಕೂರಿಸ್ಕೊಂಡು ಹೇಳ್ತೀನಿ: "ಅಮ್ಮ, ಇವಳು ಇಲ್ಲಿ ಹೇಳಿದ್ದನ್ನ ನಾನು ನಿಮಗೆ ಹೇಳಲ್ಲ. ಏನಾದ್ರೂ ಹೇಳ್ಬೇಕಾದ್ರೆ ಇವಳನ್ನ ಕೇಳ್ಕೊಂಡು, ಇವಳ ಮುಂದೇನೇ ಹೇಳ್ತೀನಿ. ಇವಳ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನ್ನಿಸಿದ್ರೆ ಮಾತ್ರ ಸುಮ್ನಿರಲ್ಲ." ಹದಿನೆಂಟು ತುಂಬದ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ ಪೋಕ್ಸೋ ಕಾಯ್ದೆ ಪ್ರಕಾರ ನಾನು ಪೊಲೀಸರಿಗೆ ತಿಳಿಸಲೇಬೇಕು, ಅದನ್ನೂ ಆಗಲೇ ಹೇಳ್ತೀನಿ, ಎಲ್ಲಾ ಹೇಳ್ಕೊಂಡ್ ಮೇಲೆ ಗೊತ್ತಾದ್ರೆ ಮೋಸ ಹೋದಂಗಾಗುತ್ತೆ. ಇಷ್ಟಾದ್ಮೇಲೂ ಅಮ್ಮಂದಿರು ವಾಟ್ಸಾಪ್ ಮಾಡ್ತಾರೆ, ನಾನು ಆ ಮೆಸೇಜನ್ನ ಮುಂದಿನ ವಾರ ಮಗಳಿಗೆ ತೋರಿಸ್ತೀನಿ, ತೋರಿಸ್ತೀನಿ ಅಂತ ಅಮ್ಮನಿಗೂ ಹೇಳಿರ್ತೀನಿ.

ಯಾರ ಹತ್ರ ಹೋಗ್ತಿದೀರಿ ಅನ್ನೋದನ್ನ ಕೇಳೋಕೆ ಸಂಕೋಚ ಬೇಡ. ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಆದ್ಮೇಲೆ ಮನೋವೈದ್ಯಕೀಯ ಓದಿದ ಡಾಕ್ಟ್ರು, ಮಾತ್ರೆ ಬರೆಯೋದು ಅವರು. ನಾನು ಡಾಕ್ಟರಲ್ಲ, ಮಾತ್ರೆ ಬರೆಯೋ ಹಾಗಿಲ್ಲ, ನನ್ನದು ಎರಡು ವರ್ಷದ ಎಂ.ಫಿಲ್, ಆರ್‌ಸಿಐ ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತಲ್ಲಿ ರಿಜಿಸ್ಟರ್ ಆಗಿರೋ ನಂಬರ್ ಇದೆ, ಗೋಡೆ ಮೇಲೆ ಹಾಕಿದೀನಿ. ಕೌನ್ಸೆಲರ್‌ಗಳಲ್ಲೂ ಚೆನ್ನಾಗಿ ಓದಿ ವರ್ಷಗಟ್ಟಲೆ ಕೆಲಸ ಮಾಡಿದೋರಿದ್ದಾರೆ, ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿದೋರೂ ಇದ್ದಾರೆ. ಎಲ್ಲಿ ಓದಿದ್ರಿ, ನನ್ನಂಥ ಕೇಸ್ ನೋಡಿದೀರಾ, ಎಷ್ಟು ದಿನ ಆಗ್ಬಹುದು, ಫೀಸೆಷ್ಟು, ಬರೋಕಾಗದಿದ್ರೆ ಹೇಗೆ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕೋರ ಹತ್ರ ಹೋಗಲೇಬೇಡಿ.

ಇನ್ನು ಒಳಗೆ ಏನಾಗುತ್ತೆ ಅನ್ನೋದು. ಮುಕ್ಕಾಲು ಗಂಟೆ, ಹೆಚ್ಚಂದ್ರೆ ಐವತ್ತು ನಿಮಿಷ. ಮೊದಲ ಒಂದೆರಡು ಸಲ ನಾನೇ ಜಾಸ್ತಿ ಪ್ರಶ್ನೆ ಕೇಳ್ತೀನಿ, ನಿದ್ದೆ, ಊಟ, ಮನೇಲಿ ಯಾರಿಗಾದ್ರೂ ಹೀಗಿತ್ತಾ, ಸಾಯೋ ಯೋಚನೆ ಬರುತ್ತಾ ಅಂತಾನೂ ನೇರವಾಗಿ ಕೇಳ್ತೀನಿ. ಅದನ್ನ ಕೇಳಿದ್ರೆ ಇಲ್ಲದ ಯೋಚನೆ ಬರುತ್ತೆ ಅನ್ನೋದು ಸುಳ್ಳು, ಕೇಳಿದಾಗ ಎಷ್ಟೋ ಜನ ಉಸ್ಸಪ್ಪ ಅಂತಾರೆ. ಥೈರಾಯ್ಡ್, ಬಿ12 ನೋಡಿಸಿಲ್ಲ ಅಂದ್ರೆ ಒಂದ್ಸಲ ನೋಡಿಸಿ ಅಂತೀನಿ, ಅದರಿಂದಲೂ ಸುಸ್ತು, ಮಂಕು ಬರುತ್ತೆ.

ಥೆರಪಿ ಅಂದ್ರೆ ಕೂತು ಮಾತಾಡೋದಷ್ಟೇ ಅಂತ ಬಂದೋರಿಗೆ ನನ್ನ ಕೆಲವು ಕೆಲಸ ವಿಚಿತ್ರ ಅನ್ಸುತ್ತೆ. ಒಬ್ಬರು ಬಂದಿದ್ರು, ಗುರುತು ಸಿಗದ ಹಾಗೆ ಬದಲಾಯಿಸಿ ಹೇಳ್ತೀನಿ, ನಲವತ್ತರ ಆಸುಪಾಸು, ಕೈಯಲ್ಲೊಂದು ದಪ್ಪ ಫೈಲು. ಇಸಿಜಿ, ಎಕೋ, ಟಿಎಂಟಿ ಎಲ್ಲಾ ನಾರ್ಮಲ್, ಹಾರ್ಟ್ ಡಾಕ್ಟ್ರು "ಏನಿಲ್ಲ, ಟೆನ್ಷನ್ ತಗೋಬೇಡಿ" ಅಂದು ಕಳಿಸಿದ್ರು. ಇವರು ಕಾಫಿ ಬಿಟ್ಟು, ಲಿಫ್ಟ್ ಇಲ್ಲದ ಕಡೆ ಹೋಗೋದು ಬಿಟ್ಟು, ವರ್ಷಾ ವರ್ಷಾ ಆಷಾಢದಲ್ಲಿ ಹತ್ತುತ್ತಿದ್ದ ಚಾಮುಂಡಿ ಬೆಟ್ಟದ ಮೆಟ್ಟಿಲೂ ಬಿಟ್ಟು, ಮಾತಾಡ್ತಾ ಮಾತಾಡ್ತಾನೇ ಎರಡು ಬೆರಳಲ್ಲಿ ನಾಡಿ ಹಿಡ್ಕೊಂಡು ನೋಡ್ಕೊಳ್ತಿದ್ರು. ಪ್ಯಾನಿಕ್‌ನಲ್ಲಿ ಆಗೋದು ಇದೇ, ಎದೆ ಢವಢವ ಅನ್ನೋದಕ್ಕೇ ಹೆದರಿಕೆ, ಹೆದರಿಕೆಗೆ ಇನ್ನಷ್ಟು ಢವಢವ. ಕೆಲವು ಸೆಷನ್ ಆದ್ಮೇಲೆ, ಡಾಕ್ಟ್ರು ಓಡಾಡಬಹುದು ಅಂದಿದ್ದನ್ನ ಖಚಿತ ಮಾಡ್ಕೊಂಡು, ನಮ್ ಬಿಲ್ಡಿಂಗ್ ಮೆಟ್ಟಿಲನ್ನ ಇಬ್ಬರೂ ಬೇಗ ಬೇಗ ಹತ್ತಿದ್ವಿ. ಮೇಲೆ ನಿಂತು "ಈಗ ಏನಾಗ್ತಿದೆ, ಏನಾಗುತ್ತೆ ಅಂತ ಭಯ, ನೂರಕ್ಕೆ ಎಷ್ಟು?" ಅಂತ ಕೇಳ್ತಾ ಹೋದೆ, ನಾಡಿ ಮುಟ್ಟೋ ಹಾಗಿಲ್ಲ ಅಂತ ಷರತ್ತು. ತೊಂಬತ್ತು ಅಂದೋರು ತಾವಾಗೇ ಕಡಿಮೆ ಕಡಿಮೆ ಹೇಳ್ತಾ ಬಂದ್ರು, ನನಗೂ ಏದುಸಿರು ಬರ್ತಿದ್ದಿದ್ದು ನೋಡಿ ನಕ್ಕರು. ಆಮೇಲೆ ಮನೇಲಿ ದಿನಾ ಇದೇ ಹೋಂವರ್ಕ್. ಹೋಂವರ್ಕ್ ಅನ್ನೋದು ತಮಾಷೆಗಲ್ಲ, ವಾರದಲ್ಲಿ ಮುಕ್ಕಾಲು ಗಂಟೆ ನನ್ ಜೊತೆ, ಮಿಕ್ಕಿದ್ದೆಲ್ಲಾ ನಿಮ್ಮ ಪಾಲಿಗೇ ಇರೋದು.

"ಡೈವೋರ್ಸ್ ಕೊಡ್ಲಾ ಬೇಡ್ವಾ, ನೀವೇ ಹೇಳಿ ಮೇಡಂ" ಅಂತಾರೆ. ಹೇಳಲ್ಲ. ನಿಮ್ಮ ಸಂಸಾರ ನೀವು ಮಾಡೋದು, ಇಲ್ಲಿ ತಲೆ ತಿಳಿಯಾಗೋಕೆ ಸಹಾಯ ಮಾಡ್ತೀನಿ ಅಷ್ಟೇ. ಹಾಗೇ ಕೆಲವು ದಿನ ಬಂದಿದ್ದಕ್ಕಿಂತ ಭಾರವಾಗಿ ಹೋಗ್ತೀರಿ, ಅತ್ತು ಅತ್ತು ತಲೆನೋವು ಬಂದಿರುತ್ತೆ, ಅವತ್ತು ಸೆಷನ್ ಮುಗಿದ ತಕ್ಷಣ ಆಫೀಸ್ ಮೀಟಿಂಗ್ ಇಟ್ಕೋಬೇಡಿ. ಜ್ಯೋತಿಷ್ಯ ಕೇಳಿದ್ರೆ, ಹರಕೆ ಹೊತ್ತಿದ್ರೆ ಮುಚ್ಚಿಡಬೇಡಿ, ನಾನು ನಗಲ್ಲ. ನಮ್ಮನೇಲೂ ಹರಕೆ ಹೊರ್ತಾರೆ. ಆದ್ರೆ ಯಾರೋ ಹೇಳಿದ್ರು ಅಂತ ಮಾತ್ರೆ ನಿಲ್ಲಿಸಿದ್ರೆ ಖಂಡಿತ ಹೇಳಿ. ಖಿನ್ನತೆ ಮಾತ್ರೆ ಕೆಲಸ ಶುರು ಮಾಡೋಕೇ ಎರಡರಿಂದ ನಾಲ್ಕು ವಾರ ಬೇಕು, ನಾಲ್ಕು ದಿನ ನೋಡಿ ಬಿಡೋದು, ಸರಿಹೋಯ್ತು ಅಂತ ಇದ್ದಕ್ಕಿದ್ದಂಗೆ ಬಿಡೋದು ಎರಡೂ ಬೇಡ, ಬರೆದುಕೊಟ್ಟ ಡಾಕ್ಟ್ರನ್ನೇ ಕೇಳಿ.

ದುಡ್ಡಿನ ಮಾತು. ಖಾಸಗಿ ಫೀಸ್ ಎಲ್ಲರ ಕೈಗೆಟುಕಲ್ಲ ಅಂತ ನನಗೂ ಗೊತ್ತು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗ, ತಾಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ ಇವೆಲ್ಲಾ ಇವೆ, ಕಾಯಬೇಕಾಗುತ್ತೆ, ಆದ್ರೆ ಒಳ್ಳೇ ಕೆಲಸ ನಡೆಯುತ್ತೆ. ರಾತ್ರಿ ಹೊತ್ತಲ್ಲಿ ತಡ್ಕೊಳೋಕಾಗ್ತಿಲ್ಲ ಅನ್ನಿಸಿದ್ರೆ ನನ್ ಮೆಸೇಜಿಗೆ ಕಾಯಬೇಡಿ, ನಾನು ಮಲಗಿರ್ತೀನಿ. 14416ಕ್ಕೆ ಫೋನ್ ಮಾಡಿ, ಅದು ಟೆಲಿಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ನಡೀತಿದೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಆನ್‌ಲೈನ್ ಸೆಷನ್ ಆದ್ರೆ ಬಾಗಿಲು ಹಾಕ್ಕೊಳ್ಳೋ ಜಾಗ ನೋಡ್ಕೊಳ್ಳಿ. ಮನೇಲಿ ಅತ್ತೆ ಇರ್ತಾರೆ ಅಂತ ಪಾರ್ಕ್ ಮಾಡಿದ ಕಾರಲ್ಲಿ ಕೂತು ಮಾತಾಡೋರು ಬೇಕಾದಷ್ಟು ಜನ, ನನಗೇನೂ ಅಭ್ಯಂತರ ಇಲ್ಲ, ಓಡಿಸ್ತಾ ಮಾತ್ರ ಬೇಡ.

ನನ್ ಜೊತೆ ಹೊಂದಿಕೆ ಆಗ್ತಿಲ್ಲ ಅನ್ಸಿದ್ರೆ ಅದನ್ನೂ ನನಗೇ ಹೇಳಿ. ನಮ್ ಜನಕ್ಕೆ ಇದು ಬಲು ಕಷ್ಟ, ಎದುರಿಗೆ "ಹೂಂ ಮೇಡಂ, ತುಂಬಾ ಹೆಲ್ಪ್ ಆಯ್ತು" ಅಂದು ಮುಂದಿನ ವಾರ "ಮನೇಲಿ ಫಂಕ್ಷನ್ ಇದೆ" ಅಂತ ಮೆಸೇಜ್ ಹಾಕಿ ಮಾಯ ಆಗ್ತಾರೆ. ಸರಿಬರ್ತಿಲ್ಲ ಅಂದ್ರೆ ನನಗೆ ಕೋಪ ಬರಲ್ಲ, ಕೆಲವು ಸಲ ಆ ಮಾತಿಂದಲೇ ಕೆಲಸ ದಾರಿಗೆ ಬರುತ್ತೆ. ಬರಲಿಲ್ಲ ಅಂದ್ರೆ ಬೇರೆಯವರ ಹೆಸರು ಕೊಟ್ಟು, ನಿಮಗೆ ಓದಿ ತೋರಿಸಿ ಒಂದು ಪುಟದ ಲೆಟರ್ ಬರ್ಕೊಡ್ತೀನಿ, ಅಲ್ಲಿ ಹೋಗಿ ಮತ್ತೆ ಮೊದಲಿಂದ ಎಲ್ಲಾ ಹೇಳೋದಾದ್ರೂ ತಪ್ಪುತ್ತೆ.